ಬಿಡಿಸಿ ತರಲು ಹೋಗಿ ಬಾರದವರು

ಹಾನಗಲ್ಲಿನ ತಾರಕೇಶ್ವರ ದೇವಾಲಯಕ್ಕೆ ಬಂದವರು ಮೊದಲು ಕತ್ತೆತ್ತಿ ನೋಡುತ್ತಾರೆ. ಮಂಟಪದ ಒಳಛಾವಣಿಯಲ್ಲಿ ಅರಳಿರುವ ಕಲ್ಲಿನ ತಾವರೆ ಅಷ್ಟು ಪ್ರಸಿದ್ಧ. ಆವರಣದಲ್ಲಿ ನಿಂತಿರುವ ವೀರಗಲ್ಲುಗಳ ಕಡೆ ಕಣ್ಣು ಹಾಯಿಸುವವರು ಕಡಿಮೆ. ಬಿಸಿಲು ಮಳೆಗೆ ಸವೆದ ಆ ಕಲ್ಲುಗಳಲ್ಲಿ ಕುದುರೆ, ಆನೆ, ಬಿಲ್ಲು, ಕತ್ತಿ, ಬಿದ್ದ ಹೆಣಗಳ ಸಾಲು ಕಾಣುತ್ತವೆ. ಯಾವುದೋ ಹಳೆಯ ಕಾಳಗದ ಚಿತ್ರವೆಂದು ಜನ ಮುಂದೆ ಸಾಗುತ್ತಾರೆ.

ಆದರೆ ಆ ಕಲ್ಲುಗಳು ಇಂದಿಗೂ ಬಗೆಹರಿಯದ ಒಂದು ಪ್ರಶ್ನೆಗೆ ಸಂಬಂಧಿಸಿವೆ. ಊರು ಬಿಟ್ಟು ಹೋಗಿ ತಿರುಗಿ ಬಾರದವನನ್ನು ನೆನೆಯುವುದು ಹೇಗೆ? ಅದರಲ್ಲೂ ಬೇರೆಯವರನ್ನು ಬಿಡಿಸಿ ತರಲು ಹೋಗಿ ತಾನೇ ಕಳೆದುಹೋದವನನ್ನು? ಸತ್ತನೆಂದು ಹೇಳಲು ದೇಹವಿಲ್ಲ, ಬದುಕಿದ್ದಾನೆಂದು ಹೇಳಲು ಸುದ್ದಿಯಿಲ್ಲ. ಸೇನೆಯ ಕಡತದಲ್ಲಿ ಇಂಥವರಿಗೆ ‘ಕಾಣೆಯಾದವರು’ ಎಂಬ ಒಂದೇ ಪದ. ಮನೆಯವರ ಪಾಲಿಗೆ ಆ ಪದ ಕೆಲವೊಮ್ಮೆ ಇಡೀ ಬದುಕನ್ನೇ ನುಂಗಿಬಿಡುತ್ತದೆ.

ತುರುಗೋಳ್ ಮತ್ತು ಪೆಣ್ಬುಯ್ಯಲ್

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ನೆಲ ಒಂದು ಕಾಲಕ್ಕೆ ಹಲವು ರಾಜ್ಯಗಳ ಪೈಪೋಟಿಯ ಕಣವಾಗಿತ್ತು. ಹಾನಗಲ್ಲಿನ ಹಳೆಯ ಹೆಸರು ಪಾನುಂಗಲ್. ಪಾನುಂಗಲ್ಲು ಐನೂರು, ಬನವಾಸಿ ಪನ್ನಿರ್ಚ್ಛಾಸಿರ, ಪುಲಿಗೆರೆ ಮುನ್ನೂರು ಮುಂತಾದ ನಾಡುಗಳಿಗಾಗಿ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹಾನಗಲ್ಲಿನ ಕದಂಬರು, ಹೊಯ್ಸಳರು, ಸೇವುಣರು ಬೇರೆ ಬೇರೆ ಕಾಲದಲ್ಲಿ ಕಾದಾಡಿದರು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆ, ಮುಂದೆ ನವಾಬರ ಸವಣೂರು ಕಂಡ ಮುತ್ತಿಗೆಗಳು ಅದೇ ಕಥೆಯ ಮುಂದಿನ ಅಧ್ಯಾಯಗಳು.

ದೊಡ್ಡ ಯುದ್ಧಗಳ ನಡುವಿನ ದಿನಗಳೂ ಶಾಂತವಾಗಿರಲಿಲ್ಲ. ಅಂದು ದನವೇ ಸಂಪತ್ತು. ಪಕ್ಕದ ನಾಡಿನವರು ಬಂದು ಊರ ದನಗಳನ್ನು ಹೊಡೆದುಕೊಂಡು ಹೋಗುವುದಕ್ಕೆ ‘ತುರುಗೋಳ್’ ಎಂದು ಹೆಸರು. ತುರು ಎಂದರೆ ಆಕಳು, ಕೋಳ್ ಎಂದರೆ ಸೂರೆ. ಹೆಂಗಸರ ಮೇಲೆ ಕೈಮಾಡಿದಾಗ ಏಳುವ ಕೂಗು ‘ಪೆಣ್ಬುಯ್ಯಲ್’. ಊರನ್ನೇ ಹಾಳುಗೆಡಹುವ ದಾಳಿ ‘ಊರಳಿವು’. ಕರ್ನಾಟಕದ ವೀರಗಲ್ಲುಗಳಲ್ಲಿ ಈ ಪದಗಳು ಮತ್ತೆ ಮತ್ತೆ ಬರುತ್ತವೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ವೀರಗಲ್ಲೆಂದರೆ ರಾಜನಿಗಾಗಿ ಸತ್ತ ಸೈನಿಕನ ಕಲ್ಲು ಎಂಬ ಭಾವನೆ ಸಾಮಾನ್ಯ. ಅಂಥ ಕಲ್ಲುಗಳು ಬಹಳ ಇವೆ ನಿಜ. ಆದರೆ ತುರುಗೋಳಿನ ಕಲ್ಲುಗಳ ನಾಯಕ ಗೆಲ್ಲಲು ಹೋದವನಲ್ಲ, ಬಿಡಿಸಿ ತರಲು ಹೋದವನು. ಶಾಸನಗಳಲ್ಲಿ ಬರುವ ಕ್ರಿಯಾಪದವೇ ‘ಮಗುಳ್ಚು’, ಅಂದರೆ ಹಿಂದಿರುಗಿಸು. ದನಗಳನ್ನು ಹಿಂದಿರುಗಿಸಿ ತಾನು ಹಿಂದಿರುಗದೇ ಹೋದವನ ಹೆಸರು ಆ ಕಲ್ಲಿನ ಮೇಲಿದೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಆತ ರಕ್ಷಣಾ ತಂಡದ ಆಳು.

ಕಲ್ಲನ್ನು ಓದುವ ಬಗೆ

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತೀರಾ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಶತ್ರುಗಳು, ಆಯುಧಗಳು, ತುರುಗೋಳಾದರೆ ದನಗಳ ಹಿಂಡು. ಅದರ ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಎರಡೂ ಬದಿಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಆತ ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಜೈನನಾದರೆ ಅಲ್ಲಿ ಜಿನಬಿಂಬವಿರುತ್ತದೆ. ತುತ್ತತುದಿಯಲ್ಲಿ ಸೂರ್ಯ, ಚಂದ್ರ. ಅವರಿರುವವರೆಗೆ ಈ ಹೆಸರೂ ಇರಲಿ ಎಂಬುದು ಅದರ ಅರ್ಥ. ಪಟ್ಟಿಕೆಗಳ ನಡುವಿನ ಅಂಚುಗಳಲ್ಲಿ ಅಕ್ಷರಗಳಿರುತ್ತವೆ. ಯಾವ ರಾಜ, ಯಾವ ವರ್ಷ, ಯಾವ ಊರು, ಯಾತಕ್ಕಾಗಿ ಕಾದಿದ, ಕಲ್ಲು ನಿಲ್ಲಿಸಿದವರು ಯಾರು ಎಂಬ ವಿವರ ಅಲ್ಲಿ ಸಿಗುತ್ತದೆ. ನಿಲ್ಲಿಸಿದವರು ತಮ್ಮನೋ, ಮಗನೋ, ಹೆಂಡತಿಯೋ, ಒಮ್ಮೊಮ್ಮೆ ಊರವರೋ ಆಗಿರುತ್ತಾರೆ.

ಕಲ್ಲು ನಿಲ್ಲಿಸುವುದರೊಂದಿಗೆ ಊರಿನ ಕರ್ತವ್ಯ ಮುಗಿಯುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಕೊಡುವ ಪದ್ಧತಿಯಿತ್ತು. ಅದಕ್ಕೆ ಶಾಸನಗಳಲ್ಲಿ ನೆತ್ತರುಗೊಡಗೆ, ಕಲ್ನಾಡು, ಬಾಳ್ಗಚ್ಚು ಮುಂತಾದ ಹೆಸರುಗಳಿವೆ. ಎಂ. ಚಿದಾನಂದಮೂರ್ತಿಯವರು ತಮ್ಮ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ, ಆರ್. ಶೇಷಶಾಸ್ತ್ರಿಗಳು ವೀರಗಲ್ಲುಗಳನ್ನು ಕುರಿತ ತಮ್ಮ ಅಧ್ಯಯನದಲ್ಲಿ ಈ ಲೋಕವನ್ನು ವಿವರವಾಗಿ ತೆರೆದಿಟ್ಟಿದ್ದಾರೆ. ನೆತ್ತರಿಗೆ ಪ್ರತಿಯಾಗಿ ನೆಲ. ಇಂದಿನ ಕುಟುಂಬ ಪಿಂಚಣಿಯ ಹಿಂದಿರುವ ವಿಚಾರವೂ ಇದೇ.

ಹಾನಗಲ್ಲಿನ ಒಂದು ವೀರಗಲ್ಲಿನಿಂದ ತಿಳಿದುಬಂದ ಪ್ರಸಂಗ ಪ್ರಸಿದ್ಧವಾಗಿದೆ. 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಊರಿನ ಪಶ್ಚಿಮಕ್ಕಿರುವ ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲಿಗೆ ಮುತ್ತಿಗೆ ಹಾಕಿದ. ಆಗ ಹಾನಗಲ್ಲನ್ನು ಆಳುತ್ತಿದ್ದವನು ಕದಂಬರ ಕಾಮದೇವ. ಅವನ ಸೇನಾಪತಿ ಸೋಹಣಿ ಹೊಯ್ಸಳರ ಪಡೆಯನ್ನು ಹಿಮ್ಮೆಟ್ಟಿಸಿದ. ಆದರೆ ಆ ಕಾಳಗದಲ್ಲಿ ತಾನೇ ಮಡಿದ. ಮುತ್ತಿಗೆ ಹಾಕಿದವನು ದೊಡ್ಡ ರಾಜ. ಅವನ ಕಥೆ ಹೇಳಲು ಬೇರೆ ನೂರು ಶಾಸನಗಳಿವೆ. ಊರನ್ನು ಬಿಡಿಸಿದವನ ಹೆಸರು ಉಳಿಯಲು ಒಂದು ಕಲ್ಲು ಬೇಕಾಯಿತು.

ವೀರಗಲ್ಲು ಸಮಾಧಿಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅದರ ಕೆಳಗೆ ದೇಹವಿರಲೇಬೇಕೆಂಬ ನಿಯಮವಿಲ್ಲ. ಸತ್ತವನು ಎಲ್ಲಿಯಾದರೂ ಬಿದ್ದಿರಲಿ, ಕಲ್ಲು ಅವನ ಊರಿನಲ್ಲಿ ನಿಲ್ಲಬಹುದಿತ್ತು. ದೇಹ ಸಿಗದವನಿಗೂ ನೆನಪಿನ ಒಂದು ಜಾಗ ಇದರಿಂದ ಸಾಧ್ಯವಾಯಿತು. ಆದರೆ ಕಲ್ಲು ಕಡೆಯಲು ಒಂದು ವಸ್ತು ಬೇಕೇ ಬೇಕು. ಅದು ಸುದ್ದಿ. ಆತ ಬಿದ್ದದ್ದನ್ನು ಕಂಡವನೊಬ್ಬ ಊರಿಗೆ ಬಂದು ಹೇಳಬೇಕು. ಹೇಳುವವನೇ ಇಲ್ಲದಿದ್ದರೆ ಕಲ್ಲಿಗೆ ಅಕ್ಷರವಿಲ್ಲ.

ಇಪ್ಪತ್ತಮೂರು ವರ್ಷ ತಡವಾದ ಸುದ್ದಿ

ಹೇಳುವವನಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದ್ದೇ ಒಂದು ಉದಾಹರಣೆಯಿದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1954ರಲ್ಲಿ ವಾಯುಪಡೆ ಸೇರಿದವರು. 1965ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ ಆರಂಭವಾದಾಗ ಅವರು ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್ನಿನಲ್ಲಿದ್ದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ಆ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ನಾಯಕತ್ವ ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರದು. ದೇವಯ್ಯ ಮೀಸಲು ಪೈಲಟ್ಟುಗಳಲ್ಲೊಬ್ಬರು. ಆದರೂ ಅವರು ದಾಳಿಯ ತಂಡ ಸೇರಿಕೊಂಡರು. ಉಳಿದವರು ಹಿಂದಿರುಗಿದರು. ಅವರು ಬರಲಿಲ್ಲ.

ಏನಾಯಿತೆಂಬುದನ್ನು ಕಂಡವರು ಭಾರತದ ಕಡೆ ಯಾರೂ ಇರಲಿಲ್ಲ. ಕತ್ತಲು ಇನ್ನೂ ಪೂರ್ತಿ ಹರಿದಿರಲಿಲ್ಲ. ವಿಮಾನಗಳು ನೆಲಕ್ಕೆ ಹತ್ತಿರದಲ್ಲಿ ಅತಿ ವೇಗದಿಂದ ಹಾರುತ್ತಿದ್ದವು. ಹೀಗಾಗಿ ಕಡತದಲ್ಲಿ ‘ಕಾಣೆಯಾಗಿದ್ದಾರೆ’ ಎಂದು ದಾಖಲಾಯಿತು. ಯುದ್ಧ ಮುಗಿದು ಕೈದಿಗಳ ವಿನಿಮಯವಾದಾಗಲೂ ಅವರ ಸುದ್ದಿಯಿರಲಿಲ್ಲ.

ಸುದ್ದಿ ಬಂದದ್ದು ಎದುರಾಳಿಯ ಕಡೆಯಿಂದ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಬರೆದ 1965ರ ವಾಯುಯುದ್ಧದ ಪುಸ್ತಕ 1979ರಲ್ಲಿ ಪ್ರಕಟವಾಯಿತು. ಆ ದಿನ ಪಾಕಿಸ್ತಾನದ ಒಂದು ಎಫ್-104 ಸ್ಟಾರ್‌ಫೈಟರ್ ವಿಮಾನ ಭಾರತದ ಮಿಸ್ಟೇರ್ ಒಂದರೊಂದಿಗಿನ ಕಾದಾಟದಲ್ಲಿ ಕಳೆದುಹೋಯಿತೆಂದೂ, ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್ ಮೂಲಕ ಪಾರಾದನೆಂದೂ ಅದರಿಂದ ತಿಳಿಯಿತು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್ ಅದಕ್ಕಿಂತ ಬಹಳ ನಿಧಾನದ್ದು. ಪೆಟ್ಟು ತಿಂದ ಮಿಸ್ಟೇರ್ ತಿರುಗಿ ಬಿದ್ದು ಹೊಡೆದಿತ್ತು. ಅಂದು ಹಿಂದಿರುಗದ ಮಿಸ್ಟೇರ್ ಯಾವುದೆಂದು ಲೆಕ್ಕ ಹಾಕಿದಾಗ ಅದು ದೇವಯ್ಯನವರದೇ ಎಂದು ಸ್ಪಷ್ಟವಾಯಿತು. ತನೇಜಾ ಅವರು ಈ ವಿಷಯವನ್ನು ವಾಯುಪಡೆಯ ಗಮನಕ್ಕೆ ತಂದರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಪದಕವನ್ನು ಪಡೆದವರು ಅವರ ಪತ್ನಿ.

1965ರಿಂದ 1988. ಇಪ್ಪತ್ತಮೂರು ವರ್ಷ. ಇಂದು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. 2025ರಲ್ಲಿ ತೆರೆಗೆ ಬಂದ ಹಿಂದಿ ಚಿತ್ರ ‘ಸ್ಕೈ ಫೋರ್ಸ್’ ಈ ಪ್ರಸಂಗದಿಂದಲೇ ಪ್ರೇರಿತವಾದದ್ದು. ಅವರ ಶೌರ್ಯ ಮೊದಲ ದಿನದಿಂದಲೂ ಇದ್ದದ್ದೇ. ಕೊರತೆಯಿದ್ದುದು ಒಬ್ಬ ಸಾಕ್ಷಿಯದು ಮಾತ್ರ.

ಹುಡುಕಲು ನಿಂತವನು

ದೇವಯ್ಯ ದಾಳಿಗೆ ಹೋದವರು. ತುರುಗೋಳಿನ ವೀರನಂತೆ ಬಿಡಿಸಿ ತರಲೆಂದೇ ನಿಂತವರ ಕಥೆ ಆಧುನಿಕ ಯುದ್ಧಗಳಲ್ಲೂ ಇದೆ. ಓದುಗರಿಗೆ 1999ರ ಕಾರ್ಗಿಲ್ ಯುದ್ಧ ನೆನಪಿರಬಹುದು. ಮೇ 27ರಂದು ಫ್ಲೈಟ್ ಲೆಫ್ಟಿನೆಂಟ್ ಕೆ. ನಚಿಕೇತ ಅವರ ಮಿಗ್-27 ವಿಮಾನದ ಎಂಜಿನ್ ಆರಿಹೋಗಿ ಅವರು ಪ್ಯಾರಾಚೂಟ್ ಮೂಲಕ ಕೆಳಗಿಳಿದರು. ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ತಮ್ಮ ಮಿಗ್-21 ವಿಮಾನದಲ್ಲಿ ವಾಪಸು ಹೊರಡಬಹುದಿತ್ತು. ಆದರೆ ನಚಿಕೇತ ಎಲ್ಲಿ ಬಿದ್ದರೆಂದು ಗುರುತಿಸಿದರೆ ರಕ್ಷಣೆಗೆ ಹೆಲಿಕಾಪ್ಟರ್ ಕಳಿಸಬಹುದು. ಅದಕ್ಕಾಗಿ ಅವರು ಅಲ್ಲೇ ಸುತ್ತು ಹಾಕಿದರು. ಕ್ಷಿಪಣಿಯೊಂದು ಅವರ ವಿಮಾನಕ್ಕೆ ಬಡಿಯಿತು. ಸೆರೆಯಾಗಿದ್ದ ನಚಿಕೇತ ಜೂನ್ ಮೊದಲ ವಾರದಲ್ಲಿ ಬಿಡುಗಡೆಯಾಗಿ ಬಂದರು. ಅಹುಜಾ ಅವರ ದೇಹ ಮಾತ್ರ ಬಂತು. ಅವರಿಗೆ ಮರಣೋತ್ತರ ವೀರಚಕ್ರ ಸಂದಿತು.

ರಕ್ಷಣೆಯ ಕೆಲಸ ಏಕೆ ಇಷ್ಟು ಅಪಾಯಕಾರಿ? ಯುದ್ಧವಿಮಾನ ಬಂದು ಹೊಡೆದು ಹೋಗುತ್ತದೆ. ವೇಗವೇ ಅದರ ರಕ್ಷಣೆ. ರಕ್ಷಣಾ ಹೆಲಿಕಾಪ್ಟರ್ ಹಾಗಲ್ಲ. ಬಿದ್ದವನ ತಲೆಯ ಮೇಲೆ ಅದು ನಿಂತಲ್ಲೇ ನಿಲ್ಲಬೇಕು, ಇಲ್ಲವೇ ನೆಲಕ್ಕಿಳಿಯಬೇಕು. ತಂಡದ ಒಬ್ಬ ಹಗ್ಗ ಹಿಡಿದು ಇಳಿದು ಗಾಯಾಳುವನ್ನು ಕಟ್ಟಿ ಮೇಲೆತ್ತಬೇಕು. ಆ ಕೆಲವು ನಿಮಿಷ ಅದು ಎಲ್ಲ ಬಂದೂಕುಗಳಿಗೂ ಸುಲಭದ ಗುರಿ. ಶತ್ರುವಿಗೂ ಇದು ಗೊತ್ತು. ಬಿದ್ದವನನ್ನು ಹುಡುಕಿಕೊಂಡು ಯಾರಾದರೂ ಬಂದೇ ಬರುತ್ತಾರೆಂದು ಅವನು ಕಾದು ಕೂರುತ್ತಾನೆ.

ವಿಯಟ್ನಾಂ ಯುದ್ಧದಲ್ಲಿ 1972ರ ಏಪ್ರಿಲ್‌ನಲ್ಲಿ ನಡೆದ ಘಟನೆ ಇದಕ್ಕೆ ಕಠೋರ ಉದಾಹರಣೆ. ‘ಬ್ಯಾಟ್-21’ ಎಂಬ ಸಂಕೇತನಾಮದ ಅಮೆರಿಕದ ವಿಮಾನದಿಂದ ಪಾರಾದ ಒಬ್ಬನೇ ಒಬ್ಬ ಅಧಿಕಾರಿಯನ್ನು ಶತ್ರುಪಡೆಯ ನಡುವಿನಿಂದ ತರುವ ಯತ್ನದಲ್ಲಿ ಹನ್ನೊಂದು ಜನ ಸತ್ತರು. ಅವರಲ್ಲಿ ಆರು ಜನ ಒಂದೇ ರಕ್ಷಣಾ ಹೆಲಿಕಾಪ್ಟರಿನವರು. ಆ ಅಧಿಕಾರಿ ಕೊನೆಗೆ ಬದುಕಿ ಬಂದ. ಹೆಲಿಕಾಪ್ಟರಿನ ಆರು ಜನರ ಅವಶೇಷಗಳಿಗೆ ತಾಯ್ನೆಲದ ಮಣ್ಣು ಸಿಕ್ಕಿದ್ದು 1997ರಲ್ಲಿ, ಇಪ್ಪತ್ತೈದು ವರ್ಷಗಳ ನಂತರ.

ಆ ಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಹೊಸದೊಂದು ರೂಢಿ ಹುಟ್ಟಿತು. ಕಾಣೆಯಾದ ಒಬ್ಬ ಸೈನಿಕನ ಹೆಸರು, ಕಾಣೆಯಾದ ದಿನಾಂಕ ಕೆತ್ತಿದ ಲೋಹದ ಕಡಗವನ್ನು, ಅವನ ಪರಿಚಯವೇ ಇಲ್ಲದವರೂ ಕೈಗೆ ತೊಡುವುದು. ಆತ ಬರುವವರೆಗೆ, ಇಲ್ಲವೇ ಸುದ್ದಿ ತಿಳಿಯುವವರೆಗೆ ತೆಗೆಯುವಂತಿಲ್ಲ. 1970ರಲ್ಲಿ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳು ಆರಂಭಿಸಿದ ಈ ಕಡಗಗಳನ್ನು ಲಕ್ಷಾಂತರ ಜನ ತೊಟ್ಟರು. ಒಂದು ಬಗೆಯಲ್ಲಿ ಇದೂ ವೀರಗಲ್ಲೇ. ವ್ಯತ್ಯಾಸವೆಂದರೆ ಕಲ್ಲು ಸಾವನ್ನು ಒಪ್ಪಿಕೊಂಡಿರುತ್ತದೆ, ಕಡಗ ಒಪ್ಪಿಕೊಂಡಿರುವುದಿಲ್ಲ. ಅಮೆರಿಕದ ಸುಮಾರು ಒಂದೂವರೆ ಸಾವಿರ ಜನರ ಗತಿ ಇನ್ನೂ ತಿಳಿದಿಲ್ಲ. ಅದೇ ಯುದ್ಧದಲ್ಲಿ ಕಾಣೆಯಾದ ವಿಯಟ್ನಾಮಿಗಳ ಸಂಖ್ಯೆ ಲಕ್ಷಗಳಲ್ಲಿದೆ. ಅವರ ಹೆಸರಿನ ಕಡಗ ಯಾರ ಕೈಯಲ್ಲೂ ಇರಲಿಲ್ಲ.

ಕಾನೂನಿನ ಏಳು ವರ್ಷ, ಶಾಸ್ತ್ರದ ಹನ್ನೆರಡು ವರ್ಷ

ಕಾಣೆಯಾದವನ ಮನೆಯಲ್ಲಿ ದುಃಖದ ಜೊತೆಗೆ ಲೆಕ್ಕದ ಪ್ರಶ್ನೆಗಳೂ ಏಳುತ್ತವೆ. ಹೆಂಡತಿ ವಿಧವೆಯೋ ಅಲ್ಲವೋ? ಹೊಲ ಯಾರ ಹೆಸರಿಗೆ ಆಗಬೇಕು? ವಿಮೆಯ ಹಣ ಯಾವಾಗ? ಹಿರಿಯರ ಹಬ್ಬದಲ್ಲಿ ಅವನ ಹೆಸರಿಗೆ ಎಡೆ ಇಡಬೇಕೋ ಬೇಡವೋ?

ಕಾನೂನು ಒಂದು ಗಡುವು ಹಾಕಿದೆ. ಒಬ್ಬನ ಬಗ್ಗೆ ಸಹಜವಾಗಿ ತಿಳಿದಿರಬೇಕಾದವರಿಗೆ ಏಳು ವರ್ಷ ಏನೂ ತಿಳಿಯದಿದ್ದರೆ, ಆತ ಬದುಕಿದ್ದಾನೆಂದು ಸಾಧಿಸುವ ಹೊಣೆ ಹಾಗೆ ಹೇಳುವವನ ಮೇಲೆ ಬೀಳುತ್ತದೆ. ಇದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಉಳಿದುಕೊಂಡಿದೆ. ಆದರೆ ಕಾನೂನು ‘ಸತ್ತಿದ್ದಾನೆ’ ಎಂದಷ್ಟೇ ಊಹಿಸುತ್ತದೆ, ‘ಇಂಥ ದಿನ ಸತ್ತ’ ಎಂದು ಹೇಳುವುದಿಲ್ಲ. ಸುಪ್ರೀಂ ಕೋರ್ಟ್ 2004ರಲ್ಲಿ ಜೀವವಿಮೆಯ ಮೊಕದ್ದಮೆಯೊಂದರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಸಾವಿನ ದಿನವೇ ಇಲ್ಲದ ಸಾವು ಅದು.

ಬದುಕಿ ಉಳಿದಿರುವ ಸಾಧ್ಯತೆಯೇ ಇಲ್ಲವೆಂದು ವಿಚಾರಣೆಯಲ್ಲಿ ಕಂಡುಬಂದರೆ ಸೇನಾಪಡೆಗಳು ಅಷ್ಟು ಕಾಲ ಕಾಯುವುದಿಲ್ಲ. 2016ರ ಜುಲೈ 22ರಂದು ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ 29 ಜನರೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಮಾಯವಾಯಿತು. ಎರಡು ತಿಂಗಳೊಳಗೆ ಅವರನ್ನು ಮೃತರೆಂದು ಭಾವಿಸಲಾಗಿದೆಯೆಂದು ಮನೆಯವರಿಗೆ ತಿಳಿಸಲಾಯಿತು. ಸಮುದ್ರದ ತಳದಲ್ಲಿ, ಸುಮಾರು 3,400 ಮೀಟರ್ ಆಳದಲ್ಲಿ ವಿಮಾನದ ಅವಶೇಷಗಳು ಪತ್ತೆಯಾದ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. 1968ರ ಫೆಬ್ರವರಿ 7ರಂದು 102 ಜನರೊಂದಿಗೆ ಹಿಮಾಲಯದಲ್ಲಿ ಕಾಣೆಯಾದ ಎಎನ್-12 ವಿಮಾನದ ಸುಳಿವು ಸಿಕ್ಕಿದ್ದು 2003ರಲ್ಲಿ. 2024ರ ಸೆಪ್ಟೆಂಬರ್ ಕೊನೆಯಲ್ಲೂ ಅಲ್ಲಿನ ಹಿಮದಿಂದ ನಾಲ್ವರ ದೇಹಗಳನ್ನು ಹೊರತೆಗೆಯಲಾಯಿತು. 56 ವರ್ಷಗಳ ನಂತರ. ಕಾಯುತ್ತಿದ್ದ ತಂದೆತಾಯಿಗಳಲ್ಲಿ ಎಷ್ಟು ಜನ ಅಷ್ಟು ಕಾಲ ಉಳಿದಾರು?

ನಮ್ಮ ಧರ್ಮಶಾಸ್ತ್ರ ಗ್ರಂಥಗಳೂ ಈ ಸಮಸ್ಯೆಯನ್ನು ಎದುರಿಸಿವೆ. ದೇಶಾಂತರ ಹೋಗಿ ಸುದ್ದಿಯಿಲ್ಲದವನಿಗಾಗಿ ಸಾಮಾನ್ಯವಾಗಿ ಹನ್ನೆರಡು ವರ್ಷ ಕಾದು, ಮುತ್ತುಗದ ಎಲೆಯ ದಂಟುಗಳಿಂದ ಅವನ ಆಕೃತಿ ಮಾಡಿ ದಹನ ಮಾಡಬೇಕೆಂದು ಅವು ಹೇಳುತ್ತವೆ. ಸತ್ತ ತಿಥಿ ತಿಳಿಯದವರಿಗೆ ಅಮಾವಾಸ್ಯೆಯಂದು ಶ್ರಾದ್ಧ. ಇನ್ನೂ ಕುತೂಹಲದ ಮಾತೆಂದರೆ, ಹೀಗೆ ದಹನವಾದ ಮೇಲೆ ಆತ ಬದುಕಿ ಬಂದರೆ ಏನು ಮಾಡಬೇಕೆಂಬುದನ್ನೂ ಬರೆದಿಟ್ಟಿದ್ದಾರೆ. ಅವನಿಗೆ ಜಾತಕರ್ಮದಿಂದ ಹಿಡಿದು ಎಲ್ಲ ಸಂಸ್ಕಾರಗಳನ್ನೂ ಹೊಸದಾಗಿ ಮಾಡಿ, ಹೆಂಡತಿಯೊಂದಿಗೆ ಮತ್ತೆ ಮದುವೆ ಮಾಡಬೇಕು. ಸತ್ತನೆಂದು ತೀರ್ಮಾನಿಸಿದ ಮೇಲೂ ಬಾಗಿಲಿಗೆ ಅಗುಳಿ ಹಾಕದೆ ಬಿಟ್ಟ ವ್ಯವಸ್ಥೆಯಿದು.

ಯುದ್ಧದಲ್ಲಿ ಕಾಣೆಯಾದವರ ವಿಷಯಕ್ಕೆ ಅಂತರರಾಷ್ಟ್ರೀಯ ನಿಯಮಗಳೂ ಇವೆ. 1949ರ ಜಿನೀವಾ ಒಪ್ಪಂದದ ಪ್ರಕಾರ ಸೆರೆಸಿಕ್ಕವರ ವಿವರವನ್ನು ಸೆರೆಹಿಡಿದ ದೇಶ ತಿಳಿಸಬೇಕು. ರೆಡ್‌ಕ್ರಾಸ್ ಈ ಮಾಹಿತಿಯನ್ನು ಮನೆಯವರಿಗೆ ತಲುಪಿಸುತ್ತದೆ. ಮನೆಯವರಿಗೆ ತಮ್ಮವರ ಗತಿ ತಿಳಿಯುವ ಹಕ್ಕಿದೆಯೆಂದು 1977ರ ಹೆಚ್ಚುವರಿ ಒಡಂಬಡಿಕೆ ಹೇಳಿತು. ಭಾರತ ಅದನ್ನು ಸೇರಿಲ್ಲ. 1965 ಮತ್ತು 1971ರ ಯುದ್ಧಗಳಲ್ಲಿ ಕಾಣೆಯಾದ 54 ಮಂದಿ ಪಾಕಿಸ್ತಾನದ ಸೆರೆಯಲ್ಲಿದ್ದರೆಂಬುದು ಭಾರತದ ನಂಬಿಕೆ. ಪಾಕಿಸ್ತಾನ ಇದನ್ನು ಒಪ್ಪಿಲ್ಲ. 2007ರಲ್ಲಿ ಅವರ ಬಂಧುಗಳಲ್ಲಿ ಕೆಲವರು ಪಾಕಿಸ್ತಾನದ ಜೈಲುಗಳಿಗೆ ಹೋಗಿ ನೋಡಿ ಬರಿಗೈಯಲ್ಲಿ ಮರಳಿದರು.

ಬೆಟದೂರಿನ ಆರು ದಿನ

ಶಿಗ್ಗಾವಿಯ ಮಗ್ಗುಲಲ್ಲೇ ಕುಂದಗೋಳ ತಾಲ್ಲೂಕಿದೆ. ಅಲ್ಲಿನ ಬೆಟದೂರು 2016ರ ಫೆಬ್ರವರಿಯಲ್ಲಿ ದೇಶಕ್ಕೆಲ್ಲ ಪರಿಚಯವಾಯಿತು. 1984ರ ಏಪ್ರಿಲ್‌ನಿಂದ ಸೇನೆ ಕಾವಲಿರುವ ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ, ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಫೆಬ್ರವರಿ 3ರಂದು ಹಿಮ ಕುಸಿಯಿತು. 19ನೇ ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು ಅದರಡಿ ಸಿಕ್ಕಿದರು. ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಲ್ಲೊಬ್ಬರು. ಯಾರೂ ಬದುಕಿ ಉಳಿದಿರಲಾರರೆಂದೇ ಎಲ್ಲರೂ ಭಾವಿಸಿದರು. ಸಂತಾಪ ಸಂದೇಶಗಳೂ ಬಂದವು.

ಆದರೂ ಹುಡುಕಾಟ ನಿಲ್ಲಲಿಲ್ಲ. ಅಷ್ಟು ಎತ್ತರದಲ್ಲಿ ಉಸಿರಾಡುವುದೇ ಕಷ್ಟ. ಕಲ್ಲಿನಷ್ಟು ಗಟ್ಟಿಯಾದ ಹಿಮವನ್ನು ಯಂತ್ರಗಳಿಂದ ಕೊರೆಯಬೇಕಾಗಿತ್ತು. ಸೈನಿಕರು ಸರದಿಯ ಮೇಲೆ ಅಗೆದರು. ತರಬೇತಾದ ನಾಯಿಗಳು ಮೂಸಿ ಜಾಗ ತೋರಿಸಿದವು. ಫೆಬ್ರವರಿ 8ರ ರಾತ್ರಿ ಹಿಮದ ಆಳದಲ್ಲಿ ಹನುಮಂತಪ್ಪ ಸಿಕ್ಕಿದರು. ಉಸಿರಿತ್ತು! ಮರುದಿನ ಅವರನ್ನು ದೆಹಲಿಯ ಸೇನಾ ಆಸ್ಪತ್ರೆಗೆ ಸಾಗಿಸಲಾಯಿತು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಮರುದಿನ ಬೆಟದೂರಿನಲ್ಲಿ ಅಂತ್ಯಕ್ರಿಯೆ ನಡೆಯಿತು.

ಸತ್ತರೆಂಬ ಸುದ್ದಿ, ಬದುಕಿದ್ದಾರೆಂಬ ಸುದ್ದಿ, ಮತ್ತೆ ಸತ್ತರೆಂಬ ಸುದ್ದಿ. ಒಂಬತ್ತು ದಿನಗಳಲ್ಲಿ ಆ ಮನೆ ಇದೆಲ್ಲವನ್ನೂ ಕಂಡಿತು. ಆದರೂ ಅಗೆಯುವುದನ್ನು ಬಿಡದವರ ಕೆಲಸ ವ್ಯರ್ಥವಾಯಿತೆಂದು ಹೇಳಲಾಗದು. ಹತ್ತೂ ಜನರು ಸಿಕ್ಕರು. ಅವರಲ್ಲಿ ಯಾರೊಬ್ಬರೂ ‘ಕಾಣೆಯಾದವರು’ ಎಂಬ ಪಟ್ಟಿಯಲ್ಲಿ ಉಳಿಯಲಿಲ್ಲ. ಹತ್ತು ಮನೆಗಳಿಗೂ ಒಂದು ದಿನಾಂಕ ಸಿಕ್ಕಿತು, ಮಣ್ಣು ಮಾಡಲು ಒಂದು ದೇಹ ಸಿಕ್ಕಿತು. ಇಂಥ ಎತ್ತರದ ರಕ್ಷಣಾ ಕಾರ್ಯದಲ್ಲಿ ದಶಕಗಳಿಂದ ದುಡಿದ ಚೀತಾ ಹೆಲಿಕಾಪ್ಟರುಗಳು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾದವು ಎಂಬುದನ್ನೂ ಇಲ್ಲಿ ನೆನೆಯಬಹುದು.

ಸತ್ತನೆಂದುಕೊಂಡವನು ಎದ್ದು ಬಂದ ಕಥೆ ಈ ನೆಲಕ್ಕೆ ಹೊಸದಲ್ಲ. ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರು ಹುಟ್ಟಿದ ಊರು. ದಂಡನಾಯಕ ತಿಮ್ಮಪ್ಪ ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು ಹೆಣಗಳ ನಡುವೆ ಬಿದ್ದಿದ್ದನೆಂದೂ, ಅಲ್ಲಿ ಬದುಕುಳಿದು ಎದ್ದವನು ಕತ್ತಿ ಬಿಟ್ಟು ಹರಿದಾಸನಾದನೆಂದೂ ಐತಿಹ್ಯವಿದೆ. ಕಥೆಯ ಐತಿಹಾಸಿಕತೆ ಏನೇ ಇರಲಿ, ಕಾಳಗಕ್ಕೆ ಮಕ್ಕಳನ್ನು ಕಳಿಸಿದ ಮನೆಗಳು ಅದನ್ನು ಏಕೆ ಮತ್ತೆ ಮತ್ತೆ ಹೇಳಿಕೊಂಡು ಬಂದವೆಂಬುದು ಊಹೆಗೆ ನಿಲುಕದ್ದಲ್ಲ.

ಹೆಸರುಗಳ ಗೋಡೆ

ದೇಹ ಸಿಗದವರ ಹೆಸರುಗಳನ್ನು ಕಲ್ಲಿನಲ್ಲಿ ಬರೆಯುವ ಪದ್ಧತಿ ಮೊದಲ ಮಹಾಯುದ್ಧದ ನಂತರ ಜಗತ್ತಿನಾದ್ಯಂತ ಹರಡಿತು. ಬೆಲ್ಜಿಯಂನ ಈಪ್ರ್ ಪಟ್ಟಣದ ಮೆನಿನ್ ಗೇಟ್ ಮೇಲೆ 54 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಎಲ್ಲರೂ ಸಮಾಧಿಯಿಲ್ಲದವರೇ. ಫ್ರಾನ್ಸಿನ ನೂವ್ ಶಾಪೆಲ್‌ನಲ್ಲಿ ಸಮಾಧಿ ತಿಳಿಯದ 4,700ಕ್ಕೂ ಹೆಚ್ಚು ಭಾರತೀಯರ ಸ್ಮಾರಕವಿದೆ. ದೆಹಲಿಯ ಇಂಡಿಯಾ ಗೇಟ್ ಬಳಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಆಗಲೇ 25,942 ಹೆಸರುಗಳನ್ನು ಕೆತ್ತಲಾಗಿತ್ತು. ಬೆಂಗಳೂರಿನ ಸೈನಿಕ ಸ್ಮಾರಕಕ್ಕೆ ಆರಿಸಿಕೊಂಡ ರೂಪವಂತೂ ಏಕಶಿಲೆಯ ವೀರಗಲ್ಲೇ.

ದೊಡ್ಡ ಸ್ಮಾರಕಗಳು ದೂರದಲ್ಲಿರುತ್ತವೆ. ಹಳೆಯ ವೀರಗಲ್ಲಿನ ಗುಣವೆಂದರೆ ಅದು ಊರಲ್ಲೇ ಇತ್ತು. ದನ ಕಾಯುವ ಹುಡುಗ, ನೀರಿಗೆ ಹೋಗುವ ಹೆಣ್ಣುಮಗಳು ದಿನವೂ ಅದರ ಮುಂದೆಯೇ ನಡೆದುಹೋಗಬೇಕಿತ್ತು. ಇಂದು ಅವೇ ಕಲ್ಲುಗಳು ಹಲವು ಕಡೆ ಕೆರೆಯ ಏರಿಯಲ್ಲಿ ಅರ್ಧ ಹೂತಿವೆ. ಕೆಲವು ಹೊಲದ ಬದುವಿನಲ್ಲಿ ಬಿದ್ದಿವೆ, ಕೆಲವು ಗುಡಿಯ ಮೆಟ್ಟಿಲಾಗಿವೆ. ಎಣ್ಣೆ ಕುಂಕುಮ ಕಂಡ ಕಲ್ಲುಗಳು ಪುಣ್ಯವಂತ ಕಲ್ಲುಗಳು. ಅವುಗಳ ಅಕ್ಷರ ಮಸುಕಾದರೂ ಕಲ್ಲು ಉಳಿದಿದೆ.

ಹಾನಗಲ್ಲಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ, ಊರ ಹೊರಗೆ ಸೂರ್ಯ ಚಂದ್ರರನ್ನು ಹೊತ್ತು ವಾಲಿದ ಕಲ್ಲೊಂದು ಕಂಡರೆ ಅದರ ಕೆಳಗಿನ ಪಟ್ಟಿಕೆಯನ್ನು ಒಮ್ಮೆ ನೋಡಬೇಕು. ಅಲ್ಲಿ ದನಗಳ ಹಿಂಡಿದ್ದರೆ, ಆತ ಯಾರನ್ನೋ ಬಿಡಿಸಿ ತರಲು ಹೋದವನು. ಎಂಟುನೂರು, ಸಾವಿರ ವರ್ಷಗಳ ಹಿಂದೆ ಅವನ ಮನೆಯವರು ಅವನ ಹೆಸರನ್ನು ಊರಿನ ವಶಕ್ಕೆ ಕೊಟ್ಟು ಹೋಗಿದ್ದಾರೆ. ಅದನ್ನು ಓದಿಸಿ ಬರೆದಿಡಲು ಒಬ್ಬ ಶಾಲಾ ಮೇಷ್ಟರು, ಒಂದು ಮಧ್ಯಾಹ್ನ ಸಾಕು. ಇಪ್ಪತ್ತಮೂರು ವರ್ಷ ಕಾದ ಕೊಡಗಿನ ಮನೆಯವರಿಗೆ ಗೊತ್ತು, ಬರೆದಿಟ್ಟ ಒಂದು ಸಾಲಿನ ಬೆಲೆ ಎಷ್ಟೆಂದು.